ಕೇಳುವವನ ಮುಖ

"ಎಡಗಡೆ ವಾಲ್ವ್ ಒಂದ್ ಗುಂಜಿ ಜೋರ್ ಐತಿ, ಹೌದಿಲ್ಲೊ?" ಎಂದ ರಾಜಪ್ಪ.

ಹೆಡ್‌ಫೋನ್ ತಲೆಗೇರಿಸಿಕೊಂಡು ಕೂತಿದ್ದ ಮಹಾಂತೇಶ ಕಣ್ಣು ಮುಚ್ಚಿಕೊಂಡೇ ಹೌದೆಂದು ಗೋಣು ಹಾಕಿದ. ಪಕ್ಕದಲ್ಲಿ ಮೊಬೈಲು ಹಿಡಿದಿದ್ದ ಅವನ ಗೆಳೆಯ ಬಾಳೇಶ ಕೆಮ್ಮಿದ. ಅದು ಕೆಮ್ಮಲ್ಲ, ವೇಷ ಹಾಕಿದ ನಗೆ. ಯಾಕೆಂದರೆ ಆ ಮೊಬೈಲಿನಲ್ಲಿ ಹಾಡಾಗಲಿ ಹಾಳುಮೂಳಾಗಲಿ ಏನೂ ನಡೆಯುತ್ತಿರಲಿಲ್ಲ.

ಇದು ಖರೆ ನಡೆದದ್ದು. ನಂಬದವರು ಕೊಣ್ಣೂರಿಗೆ ಹೋಗಿ ರಾಜಪ್ಪನನ್ನೇ ಕೇಳಬಹುದು. ಕೇಳುವಾಗ ಮುಖ ಮಾತ್ರ ಅವನ ಕಡೆಗಿರಲಿ.

ರಾಜಪ್ಪ ಮಾಡುತ್ತಿದ್ದುದು ಹೆಡ್‌ಫೋನಿಗೆ ಜೋಡಿಸುವ ವಾಲ್ವ್ ಯಂತ್ರ, ಹಾಡಿನ ದನಿಗೆ ಕಸುವು ಕೊಡುವ ಆಂಪ್ಲಿಫೈಯರು. ಹಳೆಯ ರೇಡಿಯೋಗಳ ಹೊಟ್ಟೆಯಲ್ಲಿ ಬೆರಳುದ್ದದ ಗಾಜಿನ ವಾಲ್ವ್ ಇರುತ್ತಿದ್ದವಲ್ಲ, ಒಳಗೊಂದು ಕೆಂಡದೆಳೆ ಉರಿಯುವಂಥವು, ಅವನ್ನೇ ಹುಡುಕಿ ತಂದು ಎಡಗಿವಿಗೊಂದು ಬಲಗಿವಿಗೊಂದು ಕೂಡಿಸುತ್ತಿದ್ದ. ಎರಡೂ ಒಂದೇ ಕಸುವಿನ ಎತ್ತುಗಳ ಹಾಗೆ ಜೋಡಿಯಾಗಬೇಕು. ಒಂದು ಎಳೆದು ಇನ್ನೊಂದು ಹಿಂದೆ ಬಿದ್ದರೆ ಹಾಡು ವಾರೆಯಾಗುತ್ತದೆ. ಜೋಡಿ ಕೂಡಿದರೂ ಮುಗಿಯಲಿಲ್ಲ, ಅದು ಗಿರಾಕಿ ತಂದ ಹೆಡ್‌ಫೋನಿಗೂ ಒಗ್ಗಬೇಕು. ಒಂದು ಹೆಡ್‌ಫೋನಿನಲ್ಲಿ ತಬಲಾ ಗುಂಡಗೆ ಕೇಳಿಸುವ ವಾಲ್ವ್ ಇನ್ನೊಂದರಲ್ಲಿ ಹಸಿ ಮಣ್ಣಿನ ಗಡಿಗೆ ಬಡಿದ ಹಾಗೆ ಕೇಳಿಸುತ್ತದೆ.

ಮೀಟರ್ ಹಚ್ಚಿ ಜೋಡಿ ಮಾಡುವುದು ಯಾರಿಗಾದರೂ ಬಂದೀತು, ರಾಜಪ್ಪನಿಗೂ ಬರುತ್ತಿತ್ತು. ಅವನು ಹೆಸರಾದದ್ದು ಅದರ ಮುಂದಿನ ಕೆಲಸಕ್ಕೆ. ಗಿರಾಕಿಯ ತಲೆಗೆ ಹೆಡ್‌ಫೋನ್ ಹಾಕಿ, ಎದುರಿಗೆ ಸ್ಟೂಲಿನ ಮೇಲೆ ಕೂತು, ತಾನು ಒಂದು ಅಕ್ಷರ ಕೇಳದೆ ಹೊರಗಿನಿಂದಲೇ ಹೇಳುತ್ತಿದ್ದ: ಮೇಲಿನ ಸ್ವರ ಚುಚ್ಚಾಕತ್ತೈತಿ, ಬಲಗಡೆದು ಸಣ್ಣ ಆತು, ಈಗ ಸರಿ ಆತು. ಹೇಳಿದ್ದು ಹೇಳಿದ ಹಾಗೇ ಇರುತ್ತಿತ್ತು. "ಆ ಮನಷ್ಯಾಂದು ಕಿವಿ ಅಲ್ಲೋ ಮಾರಾಯಾ, ಗಿರಾಕಿ ಕಿವ್ಯಾಗಿಂದು ಇಂವಗ ಕೇಳತೈತಿ" ಎಂದು ಗೋಕಾಕದಿಂದ ಮೂಡಲಗಿಯ ತನಕ ಮಾತಾಗಿತ್ತು.

ಖರೆ ಹೇಳಬೇಕೆಂದರೆ ರಾಜಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ.

ಇಪ್ಪತ್ತಾರು ವರ್ಷ ಇಚಲಕರಂಜಿಯಲ್ಲಿ ಸಾಂಚಾ, ಅಂದರೆ ಕರೆಂಟಿನ ಮಗ್ಗ, ನಡೆಸಿದವನು ಅವನು. ಒಂದೇ ತಗಡಿನ ಶೆಡ್ಡಿನಲ್ಲಿ ನಲವತ್ತು ಮಗ್ಗ ಒಟ್ಟಿಗೆ ಕುಟ್ಟುವಾಗ ಅಲ್ಲಿ ಯಾರೂ ದನಿ ತೆಗೆದು ಮಾತಾಡುತ್ತಿರಲಿಲ್ಲ, ತೆಗೆದರೂ ಉಪಯೋಗವಿರಲಿಲ್ಲ. ತುಟಿ ಆಡಿಸುತ್ತಿದ್ದರು, ಎದುರಿನವರು ಓದಿಕೊಳ್ಳುತ್ತಿದ್ದರು. ಬೈಗುಳ, ಚೇಷ್ಟೆ, ಹಬ್ಬದ ರಜೆಯ ಲೆಕ್ಕ, ಎಲ್ಲ ತುಟಿಯ ಮೇಲೇ. ಹೆಂಡತಿ ಶಿವಗಂಗವ್ವ ಅದೇ ಶೆಡ್ಡಿನಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಊರಿಗೆ ಮರಳುವ ಹೊತ್ತಿಗೆ ರಾಜಪ್ಪನಿಗೆ ಕುಕ್ಕರಿನ ಸೀಟಿ ಕೇಳುತ್ತಿರಲಿಲ್ಲ, ಫೋನಿನ ಗಂಟೆ ಕೇಳುತ್ತಿರಲಿಲ್ಲ. ಎದುರಿಗೆ ಕೂತವರ ದಪ್ಪ ದನಿ ಗೋಡೆಯಾಚೆಯ ಗಾಡಿಯಂತೆ ಗುಂಯ್‌ಗುಟ್ಟುತ್ತಿತ್ತು. ಉಳಿದದ್ದನ್ನು ಕಣ್ಣು ತುಂಬಿಕೊಡುತ್ತಿತ್ತು.

ಆ ಕಣ್ಣೇ ಅವನ ಬಂಡವಾಳ. ಒಂದು ಬದಿ ಜೋರಾದರೆ ಕೇಳುವವನ ತಲೆ ಇನ್ನೊಂದು ಬದಿಗೆ ಕೂದಲೆಳೆಯಷ್ಟು ವಾಲುತ್ತದೆ. ಮೇಲಿನ ಸ್ವರ ಚುಚ್ಚಿದರೆ ಕಣ್ಣಿನ ಕೆಳಗಿನ ಚರ್ಮ ಜಗ್ಗುತ್ತದೆ. ತಬಲಾ ಸಡಿಲಾದರೆ ಕಾಲಿನ ಹೆಬ್ಬೆರಳು ತಾಳ ತಪ್ಪುತ್ತದೆ. ರಾಜಪ್ಪ ಇದನ್ನೆಲ್ಲ ಯಾರಿಗೂ ಹೇಳಿರಲಿಲ್ಲ. ಮಂದಿ ಕಿವಿ ಅಂದರು, ಇವನು ಅಲ್ಲವೆನ್ನಲಿಲ್ಲ, ಅಷ್ಟೇ. ಎರಡು ವರ್ಷದಿಂದ ಹೀಗೇ ನಡೆದಿತ್ತು. ಕಿವಿ ಕೇಳದವನು ಮಾಡಿದ ಹೆಡ್‌ಫೋನ್ ಯಂತ್ರವನ್ನು ಯಾರು ಕೊಂಡಾರು?

ಅದರಲ್ಲೂ ಈ ಬಾಳೇಶ ಸಾದಾ ಗಿರಾಕಿಯಲ್ಲ. ಹುಕ್ಕೇರಿ ಕಡೆಯ ದಡ್ಡಿ ಎಂಬ ಊರಿನವನು. ಆ ಕಡೆ ಹಾಡು ಕೇಳುವ ಹುಚ್ಚಿನವರದೊಂದು ಗುಂಪಿತ್ತು. ಇವನು ಒಪ್ಪಿದರೆ ಇನ್ನೂ ನಾಲ್ವರು ಯಂತ್ರ ಮಾಡಿಸುವವರಿದ್ದರು. ಕರೆತಂದವನು ಶಿವಗಂಗವ್ವನ ಅಣ್ಣನ ಮಗ ಮಹಾಂತೇಶ. ಮೂಡಲಗಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಮಹಾಂತೇಶನಿಗೆ ಪಾಠಕ್ಕಿಂತ ಅಣಕು ಚೆನ್ನಾಗಿ ಬರುತ್ತಿತ್ತು. ಒಮ್ಮೆ ಪ್ರಿನ್ಸಿಪಾಲರ ದನಿಯಲ್ಲಿ ಪ್ರಿನ್ಸಿಪಾಲರ ಮನೆಗೇ ಫೋನು ಮಾಡಿ ಇವತ್ತು ಊಟ ಬೇಡ ಎಂದು ಹೇಳಿ, ಪಾಪ, ಆ ಪುಣ್ಯಾತ್ಮನನ್ನು ಉಪವಾಸ ಕೆಡವಿದ್ದ. "ಮಾಮಾಂದು ಕಿವಿ ಎಷ್ಟ್ ಖರೆ, ಎಷ್ಟ್ ಬಡಾಯಿ, ನೋಡೇ ಬಿಡೂಣು" ಎಂದು ಬಸ್ಸಿನಲ್ಲೇ ಬಾಳೇಶನ ಜೊತೆ ಮಾತಾಗಿತ್ತು.

ಊರವರ ದನಿಯನ್ನೆಲ್ಲ ಅಣಕಿಸುವವನು ಅವತ್ತು ಕೇಳುವವನನ್ನು ಅಣಕಿಸುತ್ತಿದ್ದ. ಅದೂ ಒಬ್ಬನನ್ನಲ್ಲ. ಮೊದಲು ಭಜನೆಯಲ್ಲಿ ಮುಂದಿನ ಸಾಲಿಗೆ ಕೂತ ಗೌಡರಾದ, ಗೋಣು ಮಾತ್ರ ಅಲ್ಲಾಡಿತು. ಆಮೇಲೆ ತಾಳ ತಿಳಿಯದ ಬೀಗರಾದ, ತೊಡೆ ಬಡಿದುಕೊಂಡ. ಎಡಕ್ಕೆ ಜೋರು ಎಂಬಂತೆ ತಲೆಯನ್ನು ಬಲಕ್ಕೆ ವಾಲಿಸಿದ್ದೂ ಅಭಿನಯವೇ. ರಾಜಪ್ಪ ಆ ಮುಖವನ್ನು ನಂಬಿ ಎಡಗಡೆಯ ವಾಲ್ವನ್ನು ಬಟ್ಟೆಯಲ್ಲಿ ಹಿಡಿದು ಕಿತ್ತ, ಬೇರೊಂದು ತರಲು ಕಪಾಟಿನ ಕಡೆ ತಿರುಗಿದ.

ಕಪಾಟಿಗೆ ಗಾಜಿನ ಬಾಗಿಲು. ಬೆಳಗಿನ ಬಿಸಿಲು ಹಿಂದಿನಿಂದ ಬೀಳುತ್ತಿದ್ದರಿಂದ ಗಾಜಿನಲ್ಲಿ ಇಬ್ಬರು ಹುಡುಗರೂ ಚೊಕ್ಕಾಗಿ ಕಾಣುತ್ತಿದ್ದರು. ಮಹಾಂತೇಶ ಕಣ್ಣು ತೆರೆದು, ದನಿ ಹೊರಡಿಸದೆ, ಗೆಳೆಯನ ಕಡೆ ತುಟಿ ಆಡಿಸಿದ.

"ಹಾಡ ಹಚ್ಚಿಲ್ಲಂತ ಮಾಮಾಗ ಗೊತ್ತ ಇಲ್ಲಲೇ."

ರಾಜಪ್ಪನ ಕೈ ವಾಲ್ವಿನ ಡಬ್ಬಿಯ ಮೇಲೆ ನಿಂತಿತು. ಎದೆಯಲ್ಲಿ ಒಂದು ಮಗ್ಗ ಸುರುವಾಯಿತು. ಇಲ್ಲದ ಹಾಡಿಗೆ ಎಡಗಡೆ ಜೋರು ಎಂದು ಹೇಳಿಯಾಗಿತ್ತು, ಬಾಯಿಂದ ಹೋದದ್ದು ಹೋಗಿತ್ತು. ಇನ್ನು ಅವರು ನಕ್ಕು ಹೇಳುವುದೊಂದೇ ಬಾಕಿ. ಸಂಜೆಯೊಳಗೆ ಹುಕ್ಕೇರಿಗೆ ಮುಟ್ಟುತ್ತದೆ.

ಅಷ್ಟರಲ್ಲಿ ಶಿವಗಂಗವ್ವ ಚಹಾ ತಂದಳು. ಗಂಡನ ಮುಖ ನೋಡಿ ಬಾಗಿಲಲ್ಲೇ ನಿಂತಳು. ರಾಜಪ್ಪ ತಿರುಗಿ, ಶೆಡ್ಡಿನ ಮಾತಿನಲ್ಲಿ, ಬರೀ ತುಟಿಯಲ್ಲಿ ಹೇಳಿದ:

"ಈ ಹುಡುಗ್ರು ಹಾಡ ಹಚ್ಚಿಲ್ಲ. ನಾ ಸಿಕ್ಕ ಬಿದ್ದೆ."

"ಕಿವೀದು ಗೊತ್ತಾತೇನು ಅವರಿಗೆ?" ಅವಳೂ ತುಟಿಯಲ್ಲೇ ಕೇಳಿದಳು.

"ಇನ್ನ ಆಗಿಲ್ಲ. ಆಗತೈತಿ."

"ಹಂಗಾರ ಅವರಕಿಂತ ಮೊದಲ ನೀವ ಹೇಳ್ರಿ."

"ಮತ್ತ ಧಂದೆ?"

"ಸಾಂಚಾದ ಮುಂದ ಇಪ್ಪತ್ತಾರು ವರ್ಷ ದುಡದು ಕಿವಿ ಕಳಕೊಂಡ್ರಿ. ಕಳುವು ಮಾಡಿ ಕಳಕೊಂಡ್ರೇನು?"

ಮಹಾಂತೇಶ ಹೆಡ್‌ಫೋನ್ ಕಿವಿಯಿಂದ ಸರಿಸಿದ. "ಅತ್ತಿ ಏನಂದ್ಲೊ?"

"ನನಗೂ ಕೇಳಲಿಲ್ಲೋ" ಎಂದು ಬಾಳೇಶ ಕಿರುಬೆರಳನ್ನು ಕಿವಿಯಲ್ಲಿ ತಿರುವಿದ.

ಆ ಬೆರಳನ್ನು ಕಂಡದ್ದೇ ರಾಜಪ್ಪನಿಗೆ ಎದೆಯ ಮಗ್ಗ ನಿಂತು ಬೇರೇನೋ ಎದ್ದಿತು. ಬಾಳೇಶನ ಕಡೆ ಬಾಗಿ, ಬಹಳ ಮರ್ಯಾದೆಯಿಂದ, ದನಿಯಿಲ್ಲದೆ ಕೇಳಿದ: "ಸಕ್ಕರಿ ಸಾಕೇನ್ರಿ?"

"ಆಂ?"

"ಸಕ್ಕರಿ, ಸಕ್ಕರಿ" ಎಂದು ಶಿವಗಂಗವ್ವ ಕಪ್ಪು ತೋರಿಸಿ ತುಟಿ ಆಡಿಸಿದಳು. ಅವಳಿಗೆ ಗಂಡನ ಹೂಟ ಅರೆಗಳಿಗೆಯಲ್ಲಿ ತಿಳಿದಿತ್ತು. ಆಮೇಲೆ ಮಹಾಂತೇಶನ ಕಡೆ ತಿರುಗಿ, ಸೊಂಟದ ಮೇಲೆ ಕೈಯಿಟ್ಟು, ಒಂದು ಉದ್ದನೆಯ ಬೈಗುಳವನ್ನು ಆರಂಭದಿಂದ ಕೊನೆಯವರೆಗೆ ಸಪ್ಪಳವಿಲ್ಲದೆ ಬೈದಳು. ರಾಜಪ್ಪ ನಡುನಡುವೆ ಹೌದೌದೆಂದು ತುಟಿ ಕೂಡಿಸಿದ.

ಮಹಾಂತೇಶ ಹೆಡ್‌ಫೋನ್ ಕಿತ್ತಿಟ್ಟ. ಎರಡೂ ಕಿವಿಗೆ ಅಂಗೈಯಿಂದ ಬಡಿದುಕೊಂಡ. "ಲೇ ಬಾಳ್ಯಾ, ಏನರ ಮಾತಾಡೋ!"

"ಮಾತಾಡಾಕತ್ತೇನಲ್ಲೋ!"

"ನಿಂದು ಕೇಳತೈತಿ, ಇವರದು ಕೇಳವಲ್ತು! ಈ ಯಂತ್ರ ನನ್ನ ಕಿವಿಗೆ ಏನರ ಮಾಡ್ತೇನೋ?"

"ನಾ ಹಾಕ್ಕೊಂಡೇ ಇಲ್ಲಲ್ಲೊ, ನನಗ್ಯಾಕ ಕೇಳವಲ್ತು?"

ಆಗ ರಾಜಪ್ಪ ದನಿ ತೆಗೆದ. "ಯಾಕೋ ಮಹಾಂತೇಶಾ, ಹಾಡಿಲ್ಲದ ಹಾಡು ಅಷ್ಟ್ ಚಂದ ಕೇಳತೈತಿ, ದನಿಯಿಲ್ಲದ ಮಾತು ಕೇಳಂಗಿಲ್ಲೇನು?"

ಮಹಾಂತೇಶ ಎದ್ದು ನಿಂತು ಎರಡೂ ಕೈ ಜೋಡಿಸಿದ. "ಸೋತ್ನಿರಿ ಮಾಮಾ! ಬಾಳ್ಯಾ, ನೋಡಿದೇನು? ಹಾಡ ಹಚ್ಚಿಲ್ಲ ಅನ್ನೂದನ್ನೂ ಹೊರಗ ಕುಂತ ಕೇಳಿದ್ರು! ಎಡಗಡೆ ಜೋರ್ ಐತಿ ಅಂತ ನಮ್ಮನ್ನ ಆಡಿಸಿದ್ರು! ಇದಕ್ಕ ಕಿವಿ ಅಂತಾರ."

ಬಾಳೇಶನ ಕಣ್ಣು ದೊಡ್ಡವಾದವು. "ಕಾಕಾರ, ಇದನ್ನ ನಮ್ಮ ಮಂದಿಗೆ ಹೇಳಿದ್ರ ನಾಲ್ಕಲ್ಲ, ಎಂಟ್ ಮಂದಿ ಬರ್ತಾರ ನೋಡ್ರಿ."

ರಾಜಪ್ಪ ಅವರ ತುಟಿಗಳನ್ನು ಒಂದೊಂದಾಗಿ ಓದಿದ. ಬಲೆಯಿಂದ ತಪ್ಪಿಸಿಕೊಂಡದ್ದಷ್ಟೇ ಅಲ್ಲ, ಬಲೆ ಬೀಸಿದವರೇ ಹೊತ್ತುಕೊಂಡು ಮೆರೆಸಲು ನಿಂತಿದ್ದರು. ಸುಮ್ಮನೆ ಗೋಣು ಹಾಕಿದ್ದರೆ ಸಾಕಿತ್ತು. ಎರಡು ವರ್ಷದಿಂದ ಹಾಕಿದ ಗೋಣು, ಹೊಸದೇನಲ್ಲ. ಅವನು ಹೆಂಡತಿಯ ಕಡೆ ನೋಡಿದ. ಶಿವಗಂಗವ್ವ ಅವನತ್ತ ನೋಡದೆ ಬಸಿಗೆ ಚಹಾ ಹಾಕುತ್ತಿದ್ದಳು, ತುಟಿ ಮುಚ್ಚಿತ್ತು.

"ಇಲ್ಲ" ಎಂದ ರಾಜಪ್ಪ. "ನಾ ಕೇಳಿಲ್ಲ. ನನಗ ಕೇಳಂಗಿಲ್ಲ."

"ಅಂದ್ರ?"

"ಅಂದ್ರ ಕಿವಿ ಹೋಗ್ಯಾವ. ಸಾಂಚಾದಾಗ. ನೀ ಆ ಗಾಜಿನ್ಯಾಗ ತುಟಿ ಆಡಿಸಿದಿ, ನಾ ಓದಿದೆ. ಅದಕಿಂತ ಮೊದಲ ನಿನ್ನ ಮಾರಿ ನೋಡಿ ಎಡಗಡೆ ಜೋರ್ ಅಂದೆ. ಅದರಾಗ ಖರೇನ ಮೋಸ ಹೋಗಿದ್ನಿ."

ಮಹಾಂತೇಶ ಕೂತ. ಬಾಳೇಶ ಚಹಾದ ಬಸಿಯನ್ನು ಕೆಳಗಿಟ್ಟ.

"ಹಂಗಾರ... ಹುಕ್ಕೇರ್ಯಾಗ ನಾ ಏನಂತ ಹೇಳ್ಲಿರಿ ಕಾಕಾರ?" ಎಂದು ಕೇಳಿದ.

"ಇದ್ದದ್ದ ಹೇಳ್ರಿ. ಕೇಳಾವರು ನೀವು, ನೋಡಾವ ನಾನು. ಹೆಡ್‌ಫೋನ್ ನಾ ಯಾಕ ಹಾಕ್ಕೋಬೇಕು? ಮನಿಗೆ ಒಯ್ಯಾವರು ನೀವಲ್ಲ?" ಎಂದು ರಾಜಪ್ಪ ಸ್ಟೂಲನ್ನು ಬಾಳೇಶನ ಎದುರಿಗೆ ಎಳೆದುಕೊಂಡ. "ಬರ್ರಿ. ಈಗ ಖರೇನ ಒಂದ್ ಹಾಡ ಹಚ್ಚರಿ. ನಂತರ ನಿಮ್ಮ ಮನಸ್ಸು."

ಬಾಳೇಶ ಹೆಡ್‌ಫೋನ್ ಹಾಕಿಕೊಂಡು, ತನ್ನೂರಿನ ಭಜನೆಯೆಂದು ಹೇಳಿ, ತಾನೇ ಮೊಬೈಲಿನಲ್ಲಿ ಹಿಡಿದದ್ದನ್ನು ಹಚ್ಚಿದ. ರಾಜಪ್ಪ ನೋಡಿದ. ಕಣ್ಣ ಕೆಳಗೆ ಚರ್ಮ ಒಮ್ಮೆ ಜಗ್ಗಿತು. "ಕಂಚಿನ ತಾಳ ಚುಚ್ಚಾಕತ್ತಾವು" ಎಂದು ಎರಡೂ ವಾಲ್ವ್ ತೆಗೆದು, ಗಾಜು ಕೊಂಚ ಮಬ್ಬಾದ ಹಳೆಯ ಜೋಡಿಯೊಂದನ್ನು ಕೂಡಿಸಿದ. ಅವು ಕಾಯುವ ತನಕ ಕಾದ. ಈಗ ಚರ್ಮ ಸಡಿಲಾಯಿತು, ಹೆಬ್ಬೆರಳು ತಾಳ ಹಿಡಿಯಿತು, ಆದರೆ ತಲೆ ಬಲಕ್ಕೆ ಎಳ್ಳಿನಷ್ಟು ವಾಲಿತು. ಎಡಗಡೆಯದನ್ನು ಬದಲಿಸಿದ. ಮತ್ತೆ ಬದಲಿಸಿದ. ನಾಲ್ಕನೆಯದಕ್ಕೆ ತಲೆ ನೆಟ್ಟಗಾಯಿತು, ಹೆಬ್ಬೆರಳೂ ನಿಂತಿತು. ಬಾಳೇಶ ಗೋಣು ಹಾಕಲಿಲ್ಲ, ತೊಡೆ ಬಡಿಯಲಿಲ್ಲ, ವಾಹ್ ಎನ್ನಲಿಲ್ಲ. ಬಾಯಿ ಸ್ವಲ್ಪ ತೆರೆದು, ಯಾರದೋ ಮನೆಯ ಬಾಗಿಲು ನೋಡುತ್ತ ನಿಂತವನ ಹಾಗೆ ಕೂತುಬಿಟ್ಟ.

"ನೋಡು" ಎಂದು ರಾಜಪ್ಪ ಮಹಾಂತೇಶನಿಗೆ ತೋರಿಸಿದ. "ನಿನ್ನ ನಾಟಕದಾಗ ಇದೊಂದ ಇರಲಿಲ್ಲ. ಖರೆ ಕೇಳಾವ ಏನೂ ಮಾಡಂಗಿಲ್ಲ. ಇನ್ನೊಂದ್ ಸಲ ನನಗ ಮೋಸ ಮಾಡೂದಿದ್ರ ಸುಮ್ಮ ಕುಂಡ್ರೂದನ್ನ ಕಲತ ಬಾ."

ಬಾಳೇಶ ಹೆಡ್‌ಫೋನ್ ತೆಗೆಯದೆ, ಒಳಗಿನ ಹಾಡಿನ ಮೇಲೆ ದನಿ ಏರಿಸಿ ಕೂಗಿದ: "ನಾಲ್ಕೂ ಮಾಡ್ರಿ ಕಾಕಾರ! ಮಂದೀನ್ನ ನಾ ಕರಕೊಂಡ ಬರ್ತೇನಿ, ನೀವು ಮಾರಿ ನೋಡ್ರಿ!"

ಇಷ್ಟಾದ ಮೇಲೆ ಮಹಾಂತೇಶನಿಗೆ ಜೀವ ಬಂತು. ಎದ್ದವನೇ ಮಾಮಾನನ್ನು ಬಾಜೂಕ್ಕೆ ಸರಿಸಿ ಸ್ಟೂಲಿನ ಮೇಲೆ ಕೂತ. ಕುತ್ತಿಗೆ ಮುಂದಕ್ಕೆ ಚಾಚಿದ. ಒಂದು ಕಣ್ಣು ಕಿರಿದು ಮಾಡಿದ. ಕೆಳದುಟಿ ಉಬ್ಬಿಸಿ, ಕೈಯನ್ನು ವಾಲ್ವಿನ ಮೇಲೆ ಮೊಟ್ಟೆಗೆ ಕೂತ ಕೋಳಿಯ ಹಾಗೆ ಹರಡಿ, ಬಾಳೇಶನ ಮುಖವನ್ನು ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನಂತೆ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದ. ಬಾಳೇಶ ಸೀನಿದ. ಮಹಾಂತೇಶ ಗಂಭೀರವಾಗಿ ಒಂದು ವಾಲ್ವ್ ಬದಲಿಸುವವನ ಹಾಗೆ ಮಾಡಿದ.

ಈ ಹುಡುಗನ ಅಣಕಿಗೆ ಊರೆಲ್ಲ ನಗುವಾಗ ರಾಜಪ್ಪ ಬೇರೆಯವರ ಮುಖ ನೋಡಿ ನಗುತ್ತಿದ್ದವನು. ಆ ದನಿಗಳು ಅವನನ್ನು ಮುಟ್ಟಿರಲೇ ಇಲ್ಲ. ಈಗಿನದರಲ್ಲಿ ದನಿಯೇ ಇರಲಿಲ್ಲ. ಆ ಕುತ್ತಿಗೆ ತನ್ನದು, ಆ ತುಟಿ ತನ್ನದು, ಆ ಕಿರಿದಾದ ಕಣ್ಣು ತನ್ನದೇ.

ಮೊದಲು ಶಿವಗಂಗವ್ವ ನಕ್ಕಳು. ಆಮೇಲೆ ಹೆಡ್‌ಫೋನ್ ಕಿತ್ತು ಬಾಳೇಶ ನಕ್ಕ. ರಾಜಪ್ಪ ಹೊಟ್ಟೆ ಹಿಡಿದುಕೊಂಡು, ಕಪಾಟಿಗೆ ಬೆನ್ನು ಹಚ್ಚಿ, ನಲವತ್ತು ಮಗ್ಗಗಳ ಆಚೆಗೂ ಕೇಳುವಂತೆ ನಕ್ಕ. ಕಪಾಟಿನ ಗಾಜು ಜುಂಗುಟ್ಟಿತು. ಎದುರುಮನೆಯ ಅಂಗಳದಲ್ಲಿ ಜೋಳ ಕೇರುತ್ತಿದ್ದ ಹೆಂಗಸು ಮೊರ ನಿಲ್ಲಿಸಿ ಇತ್ತ ನೋಡಿದಳು. ಮೆಲ್ಲಗ, ಮೆಲ್ಲಗ ಎಂದು ಶಿವಗಂಗವ್ವ ಅಂಗೈಯನ್ನು ಗಾಳಿಯಲ್ಲಿ ಕೆಳಗೆ ಒತ್ತಿ ತೋರಿಸಿದಳು. ರಾಜಪ್ಪ ಆ ಅಂಗೈ ನೋಡಿದ, ಅದೇನೆಂದು ತಿಳಿದುಕೊಂಡ, ಇನ್ನೂ ಜೋರಾಗಿ ನಕ್ಕ.