ಚಟ್ನಿಪುಡಿ ಡಬ್ಬಿ

ಶಂಕ್ರಪ್ಪ ತನ್ನ ಚೀಲವನ್ನು ತಾನೇ ಮೇಜಿನ ಮೇಲೆ ಬರಿದು ಮಾಡತೊಡಗಿದ. ಚಪಾತಿ ಕಟ್ಟಿದ ಬಟ್ಟೆ, ಕನ್ನಡಕ, ಬಿಪಿ ಗುಳಿಗೆ. ರಾಣೆಬೆನ್ನೂರಿನ ಆ ಹೋಟೆಲಿನ ಮ್ಯಾನೇಜರ್ ವೀರೇಂದ್ರ ಒಂದೊಂದನ್ನೂ ಎತ್ತಿ ನೋಡಿ ಇಡುತ್ತಿದ್ದ. ಜಾನಕೀಬಾಯಿ ಎದುರಿಗೇ ನಿಂತಿದ್ದರು. ಅವರ ಬಂಗಾರದ ಗುಂಡಿನ ಸರ, ಬೋರಮಾಳ, ಕಾಣೆಯಾಗಿತ್ತು. ಬೆಳಿಗ್ಗೆ ಕೋಣೆಗೆ ಬಂದವನು ಶಂಕ್ರಪ್ಪನೊಬ್ಬನೇ ಎಂದು ಹೇಳಿದ್ದೂ ಅವರೇ.

ಉಳಿಯಲು ಬಂದವರಿಗೆ ಬೇಕಾದದ್ದನ್ನು ಹೊಂದಿಸಿಕೊಡಲೆಂದೇ ಬಾಗಿಲ ಬಳಿಯ ಮೇಜಿಗೆ ಶಂಕ್ರಪ್ಪನನ್ನು ಇಟ್ಟಿದ್ದರು. ಮೈದುನನ ಮಗನ ಮದುವೆಗೆ ವಿಜಯಪುರದಿಂದ ಬಂದಿದ್ದ ಜಾನಕೀಬಾಯಿ ಮೂರು ದಿನ ಅವನನ್ನು ಕೂಡಲು ಬಿಟ್ಟಿರಲಿಲ್ಲ. ಬಿಗಿಯಾದ ಕುಪ್ಪಸವನ್ನು ಒಂದು ತಾಸಿನಲ್ಲಿ ಸಡಿಲು ಮಾಡಿಸಿ ತಂದ. ದೇವರಗುಡ್ಡಕ್ಕೆ ಹೋಗಿಬರಲು ಮೆತ್ತಗೆ ಓಡಿಸುವ ಚಾಲಕನನ್ನೇ ಹುಡುಕಿದ. ಮೊಣಕಾಲಿಗೆ ಎಣ್ಣೆ ಕೇಳಿದರೆ ಬಿಸಿ ಮಾಡಿಸಿಯೇ ಕೊಟ್ಟ. ಇವತ್ತು ಬೆಳಿಗ್ಗೆ ಅವರು ಮನೆಯ ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನು ಅವನ ಕೈಗಿಟ್ಟು, "ಮನ್ಯಾಗ ಎಲ್ಲಾರೂ ತಿನ್ರಿ, ಶಂಕ್ರಪ್ಪ" ಎಂದಿದ್ದರು.

ಈಗ ಅದೇ ಡಬ್ಬಿ ಚೀಲದಿಂದ ಹೊರಬಂತು.

"ಇದೇನ, ಶಂಕ್ರಪ್ಪ?" ವೀರೇಂದ್ರ ಕೇಳಿದ.

"ಬಾಯಾರು ಕೊಟ್ಟಾರ್ರಿ. ಇನ್ನೂ ತಗದಿಲ್ರಿ."

ಅಷ್ಟರಲ್ಲಿ ಜಾನಕೀಬಾಯಿಯ ಫೋನು ಬಡಿದುಕೊಂಡಿತು. ಹಾವೇರಿಯಲ್ಲಿ ಕಲಿಯುವ ಮಗಳು ದೀಪಾಲಿ. ಮದುವೆಗೆ ಬಂದು ತಾಯಿಯ ಕೋಣೆಯಲ್ಲೇ ಉಳಿದಿದ್ದವಳು ಇವತ್ತು ನಸುಕಿನ ಮೊದಲ ಬಸ್ಸಿಗೇ ಕಾಲೇಜಿಗೆ ಹೋಗಿದ್ದಳು.

"ಅವ್ವಾ, ಎಷ್ಟ ಸಲ ಫೋನ್ ಮಾಡೀದಿ, ಕ್ಲಾಸ್ನ್ಯಾಗ ಇದ್ದೆ. ಸರಾ ದಿಂಬಿನ ಕೆಳಗ ಬಿಟ್ಟಿದ್ದಿ. ನೀ ಮಾಡೂಹಂಗ ಚಟ್ನಿಪುಡ್ಯಾಗ ಹುಗದಿಟ್ಟೀನಿ. ಕಳ್ಳ ಬಂದ್ರ ಸೀನಿ ಸೀನಿ ಓಡಿಹೋಗ್ತಾನ" ಎಂದು ನಕ್ಕಳು.

ಪ್ರಯಾಣದಲ್ಲಿ ಬಂಗಾರವನ್ನು ಖಾರದ ಡಬ್ಬಿಯಲ್ಲಿ ಹುಗಿಯುವುದನ್ನು ಅವಳಿಗೆ ಕಲಿಸಿದ್ದು ಜಾನಕೀಬಾಯಿಯೇ. ಅವರು ಫೋನು ಇಟ್ಟರು.

ವೀರೇಂದ್ರನ ಬೆರಳುಗಳು ಮುಚ್ಚಳದ ಮೇಲಿದ್ದವು. ಜಾನಕೀಬಾಯಿ ಸುಮ್ಮನಿದ್ದರೂ ಸರ ಸಿಗುತ್ತದೆ. ಅವರನ್ನು ಯಾರೂ ಏನೂ ಕೇಳುವುದಿಲ್ಲ. ಶಂಕ್ರಪ್ಪ ಅವರ ಮುಖವನ್ನೇ ನೋಡುತ್ತಿದ್ದ.

ಮುಚ್ಚಳ ಅರ್ಧ ತಿರುಗಿತು.

"ತಡೀರಿ" ಎಂದರು ಜಾನಕೀಬಾಯಿ. "ಸರಾ ಅದರಾಗ ಅದ. ನಮ್ಮ ಹುಡುಗಿ ಇಟ್ಟಾಳ. ನಾನೇ ನೋಡದ ಕೊಟ್ಟೀನಿ. ಅವಂದೇನೂ ತಪ್ಪಿಲ್ಲ."

ವೀರೇಂದ್ರ ಡಬ್ಬಿಯನ್ನು ಕೆಳಗಿಟ್ಟ. "ಹನ್ನೆರಡ ವರ್ಷ ಆತ್ರಿ ಇವ ಇಲ್ಲಿಗೆ ಬಂದು. ಚೀಲಾ ಒಂದಿನಾನೂ ಬಿಚ್ಚಿಸಿದ್ದಿಲ್ಲ" ಎಂದವನು ಒಳಗೆ ಹೋದ.

ಶಂಕ್ರಪ್ಪ ಪುಡಿಯೊಳಗಿಂದ ಸರವನ್ನು ಮೆಲ್ಲಗೆ ಎಳೆದು, ಕಾಗದದಲ್ಲಿ ಒರೆಸಿ ಅವರ ಮುಂದಿಟ್ಟ. "ಎಲ್ಲಾ ಸರಿ ಐತೇನ್ ನೋಡ್ಕೋರಿ, ಬಾಯಾರ."

"ಶಂಕ್ರಪ್ಪ..." ಎಂದರು.

ಅವನು ಚಪಾತಿಯ ಬಟ್ಟೆಯನ್ನು ಮತ್ತೆ ಗಂಟು ಕಟ್ಟುತ್ತಿದ್ದ. "ಬ್ಯಾಡಗಿಗೆ ಗಾಡಿ ಬಂದೈತ್ರಿ."

ಜಾನಕೀಬಾಯಿ ಬ್ಯಾಡಗಿಯ ತಂಗಿಯ ಮನೆಗೆ ಹೋಗಲು ಆ ಗಾಡಿಯನ್ನು ಗೊತ್ತು ಮಾಡಿದ್ದೂ ಅವನೇ. ಸಾಮಾನನ್ನೆಲ್ಲ ತಾನೇ ಒಯ್ದು ಇಟ್ಟ. "ಬಾಯಾರಿಗೆ ವಾಂತಿ ಬರತೈತಿ, ಸಾವಕಾಶ ಹೋಗು" ಎಂದು ಚಾಲಕನಿಗೆ ಹೇಳಿ, ಹಿಂದಿರುಗಿ ನೋಡದೆ ಮೇಜಿಗೆ ಹೋದ.

ಊರು ದಾಟಿದ ಮೇಲೆ ಜಾನಕೀಬಾಯಿ ಪಕ್ಕಕ್ಕೆ ನೋಡಿದರು. ಸೀಟಿನ ಮೇಲೆ ಚಟ್ನಿಪುಡಿಯ ಡಬ್ಬಿ ಇತ್ತು. ಮುಚ್ಚಳ ಒರೆಸಿ ಬಿಗಿಯಾಗಿ ಹಾಕಿತ್ತು. ಅದರ ಪಕ್ಕದಲ್ಲಿ, ದಾರಿಯಲ್ಲಿ ಮೂಸಲು ಬೇಕೆಂದು ನಿನ್ನೆ ಅವರು ಕೇಳಿದ್ದ ನಿಂಬೆಹಣ್ಣು.