ಐಸಿನಲ್ಲಿ ಹೂತಿಟ್ಟ ಮದ್ದು

ನಾನು ಒಂದು ಹೆಬ್ಬೆರಳುದ್ದದ ಗಾಜಿನ ಸೀಸೆ. ನನ್ನೊಳಗಿನ ನೀರನ್ನು ದೊಡ್ಡ ಉಕ್ಕಿನ ಹಂಡೆಯೊಂದರಲ್ಲಿ ಕಣ್ಣಿಗೆ ಕಾಣದ ಜೀವಕೋಶಗಳು ಹೆತ್ತವು. ಮನುಷ್ಯನ ಮೂತ್ರಪಿಂಡ ಮಾಡುವ ಕೆಲಸವೇ ನನ್ನದು: ಎಲುಬಿನ ಮಜ್ಜೆಗೆ 'ಏಳು, ಕೆಂಪು ರಕ್ತ ಮಾಡು' ಎಂದು ಕೂಗಿ ಹೇಳುವುದು. ಭಗವಂತ ಕೊಟ್ಟ ಕೆಲಸ ಇಷ್ಟೇ. ನನಗೆ ತಂಪು ಬೇಕು, ಆದರೆ ಹೆಪ್ಪುಗಟ್ಟಿದರೆ ಸತ್ತೆ. ಅದನ್ನು ನನ್ನ ಪೆಟ್ಟಿಗೆಯ ಮೇಲೆ ಇಂಗ್ಲಿಷಿನಲ್ಲಿ ಬರೆದಿದ್ದರು.

ಇಂಥ ನಾಲ್ಕು ಸೀಸೆಗಳು ನಾವು ಕುಂದಾಪುರದ ಕಡೆಯ ಒಂದು ಬಂದರಿಗೆ ಬಂದೆವು. ಶೀನ ಮೊಗವೀರ ನಲವತ್ತು ವರ್ಷ ಬೋಟಿನಲ್ಲಿ ಮೀನಿಗೆ ಐಸು ಹಾಕಿದವನು. ಅವನ ಹೆಂಡತಿ ಚಂದುವಿಗೆ ಎದೆಯ ಕ್ಯಾನ್ಸರು. ಎರಡು ಕಿಮೋಗೇ ಅವಳ ರಕ್ತ, ಅಂದರೆ ಹಿಮೋಗ್ಲೋಬಿನ್, ಏಳೂವರೆಗೆ ಇಳಿದಿತ್ತು. ಹತ್ತಕ್ಕೆ ಏರಿದರೆ ಮಾತ್ರ ಮೂರನೆಯದು. ಅದಕ್ಕೇ ನಾವು, ವಾರಕ್ಕೊಬ್ಬರಂತೆ.

ಮನೆಯಲ್ಲಿ ಫ್ರಿಜ್ಜಿರಲಿಲ್ಲ. ಶೀನ ನಮ್ಮನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಪುಡಿ ಐಸಿನೊಳಗೆ ಹೂತು, ಮೇಲೆ ಎರಡು ಹಿಡಿ ಕಲ್ಲುಪ್ಪು ಹಾಕಿ ಕೈಮುಗಿದ. ಉಪ್ಪು ಬಿದ್ದರೆ ಐಸು ಇನ್ನೂ ಕೊರೆಯುತ್ತದೆ. ಒಳ್ಳೆಯ ಮೀನಿಗೆ ಅವನು ಮಾಡುತ್ತಿದ್ದದ್ದೇ ಹಾಗೆ.

"ನಿಮ್ಗ್ ನನ್ಕಿಂತ ಮದ್ದಿನ ಮೇಲೇ ಪ್ರೀತಿ ಕಾಣಿ," ಎಂದು ಚಂದು ನಕ್ಕಳು.

"ಸುಮ್ನಿರ್ ಹೆಣೆ. ನೀನ್ ಕೆಟ್ಟದ್ ಸಾಕ್, ಮದ್ದಾರೂ ಕೆಡ್ದೆ ಇರ್ಲಿ."

ಅಂದು ಸಂಜೆಯೊಳಗೆ ನಾವು ನಾಲ್ವರೂ ಬೆಳ್ಳಗೆ ಕಲ್ಲಾದೆವು.

ಮೊದಲ ಮೂವರು ಅವನ ಅಂಗಿಯ ಜೇಬಿನಲ್ಲಿ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕರಗಿ ತಿಳಿಯಾಗುತ್ತಿದ್ದರು. ನರ್ಸ್ ಫಿಲೋಮಿನಮ್ಮ ಪ್ರತಿ ಸಲವೂ ಕೇಳುತ್ತಿದ್ದರು, "ತಣ್ಣಗೆ ಇಟ್ಟಿದ್ರಾ ಶೀನಣ್ಣ?"

"ಎಂತ ಕೇಂತ್ರಿ ಅಮ್ಮ! ಅಂಜಲ್ ಮೀನಿಗೂ ಇಷ್ಟ್ ಐಸ್ ಹಾಕ್ಲಿಲ್ಲೆ ನಾನ್."

ಅವರು ನಕ್ಕು ಚುಚ್ಚುತ್ತಿದ್ದರು.

ಮೂರು ವಾರದ ಮೇಲೆ ರಕ್ತ ಆರೂ ಮುಕ್ಕಾಲು. ಮೂರನೆಯ ಕಿಮೋ ಮುಂದೂಡಿದರು. "ಈ ಮದ್ದಿನಲ್ಲಿರುವ ಹಾರ್ಮೋನನ್ನು ಇವರ ಮೈ ತಾನೇ ಮೊದಲಿಂದ ಹೆಚ್ಚು ಮಾಡುತ್ತಿದೆ," ಎಂದರಂತೆ ಡಾಕ್ಟರು. "ಕಿಮೋದಿಂದ ಸೋತ ಮಜ್ಜೆ ಅದರ ಕರೆ ಕೇಳುತ್ತಿಲ್ಲ. ಹೊರಗಿನಿಂದ ಇನ್ನಷ್ಟು ಕೊಟ್ಟರೆ ಕೇಳೀತು ಅಂದುಕೊಂಡೆ. ಕೆಲವರ ಮೈಗೆ ಹಿಡಿಯುವುದಿಲ್ಲ." ಚಂದು ಮನೆಗೆ ತಂದದ್ದು ಕೊನೆಯ ಮಾತೊಂದನ್ನೇ. ನೀವು ಇಷ್ಟು ಮಾಡಿದರೂ ನನ್ನ ಹಾಳು ಮೈ ಕೇಳಲಿಲ್ಲವಲ್ಲ ಎಂದು ಗಂಡನ ಮುಂದೆ ಅತ್ತಳು.

ಉಳಿದವನು ನಾನೊಬ್ಬ. ಅವಳಿಗೆ ಈಗ ನಡೆಯಲಾಗದು. ನರ್ಸಮ್ಮ ಮನೆಗೇ ಬಂದರು. ಜಗಲಿಯಲ್ಲಿ ತಾವೇ ಐಸು ಸರಿಸಿ ನನ್ನನ್ನು ಎತ್ತಿದರು. ಅಲುಗಿಸಿದರು. ನಾನು ಅಲುಗಲಿಲ್ಲ.

"ಶೀನಣ್ಣ, ಇದು ಹೆಪ್ಪುಗಟ್ಟಿದೆ. ಇನ್ನು ಇದು ಬರೀ ನೀರು."

ಶೀನ ಉಪ್ಪು ಮೆತ್ತಿದ ತನ್ನ ಕೈ ನೋಡಿಕೊಂಡ. "ಹಂಗಾರೆ... ಮೂರೂ?"

ಅವರು ಹೌದೆಂಬಂತೆ ತಲೆ ತಗ್ಗಿಸಿದರು. ತಣ್ಣಗೆ ಇಟ್ಟಿದ್ರಾ ಎಂದು ಕೇಳಿದ್ದರೇ ಹೊರತು, ಹೆಪ್ಪುಗಟ್ಟಬಾರದೆಂದು ಅವರು ಒಮ್ಮೆಯೂ ಹೇಳಿರಲಿಲ್ಲ.

ಒಳಗಿನಿಂದ ಚಂದು ಕೂಗಿದಳು, "ಎಂತ ಅಂಬ್ರ್?"

ಶೀನ ಉಪ್ಪಿನ ಕೈಯನ್ನು ಲುಂಗಿಗೆ ಒರೆಸಿಕೊಂಡ. "ಎಂತ ಇಲ್ಲೆ. ನಿನ್ ಮೈಗ್ ಹಿಡಿತಿಲ್ಲೆ ಅಂಬ್ರ್. ಬ್ಯಾಡ ಅಂಬ್ರ್."

"ನಂಗ್ ಗೊತ್ತಿತ್ತ್," ಎಂದಳು ಅವಳು. "ನೀವ್ ಬೇಜಾರ್ ಮಾಡ್ಕಂಬ್ಯಾಡಿ."

ಈಗ ನಾನು ಆಸ್ಪತ್ರೆಯ ಕಸದ ಡಬ್ಬದಲ್ಲಿದ್ದೇನೆ. ಕರಗಿದ್ದೇನೆ, ನೋಡಿದರೆ ತಿಳಿನೀರು. ಎಲುಬಿಗೂ ಕೇಳುವಂತೆ ಕೂಗಲೆಂದು ನನ್ನನ್ನು ಹುಟ್ಟಿಸಿದ ದೇವರೇ, ಅಂದು ಆ ಜಗಲಿಯಿಂದ ಒಳಕೋಣೆಗೆ ಕೇಳುವಷ್ಟು ದನಿಯನ್ನಾದರೂ ಕೊಡಬಾರದಿತ್ತೇ?