ನಲವತ್ತೊಂದು ಊರುಗಳಿಗೆ ಒಂದು ಬಾಣ

ಹಲ್ಲುಕಡ್ಡಿ ಆಡಿಸುತ್ತಲೇ ಹೆಡ್‌ಮಾಸ್ಟರು ಒಂಬತ್ತನೇ ತರಗತಿಯ ಉತ್ತರಪತ್ರಿಕೆಯೊಂದನ್ನು ಭೂಗೋಳದ ಮೇಡಂ ಮುಂದೆ ತಳ್ಳಿದರು. ಮೇಡಂಗೆ ಆ ಬಾಯಿ ನೋಡಿಯೇ ಹೇಸಿಗೆಯಾಯಿತು.

"ನಿಮ್ಮ ಮುದ್ದಿನ ಶಿಷ್ಯೆ ಒಂದು ಮಾರ್ಕಿಗೆ ಫೇಲು. ನೂರಕ್ಕೆ ನೂರು ರಿಸಲ್ಟ್ ಕೈತಪ್ಪುತ್ತೆ. ಅವಳಪ್ಪ ಬೇರೆ, ಫೇಲಾದ್ರೆ ಸ್ಕೂಲು ಬಿಡಿಸ್ತೀನಿ ಅಂತ ಕಾಯ್ತಿದಾನೆ. ಕರೆಸಿ, ತಿದ್ದಿಸಿ."

ಹೊಳೆದಂಡೆಯ ನಲವತ್ತೊಂದು ಊರುಗಳ ಜನಸಂಖ್ಯೆ ಒಂದೇ ವರ್ಷದಲ್ಲಿ ಸೊನ್ನೆಯಾಗಿತ್ತು. ಪ್ರಶ್ನೆಯ ಪ್ರಕಾರ ಅದಕ್ಕೆ ಕಾರಣ ಬರೆದು, ಜನ ಹೋದ ದಿಕ್ಕನ್ನು ನಕ್ಷೆಯಲ್ಲಿ ಬಾಣದಿಂದ ತೋರಿಸಬೇಕು. ಮೇಲಿನವರು ಕಳಿಸಿದ ಮಾದರಿ ಉತ್ತರ 'ವಲಸೆ'. ವಲಸೆಯಂತೆ! ಸೈನಿಕರು ಆ ಊರುಗಳನ್ನು ಸುತ್ತುವರಿದು ಹಸುಗೂಸುಗಳನ್ನೂ ಬಿಡದೆ ಕೊಂದದ್ದು ಎಲ್ಲರಿಗೂ ಗೊತ್ತು, ಪುಸ್ತಕಕ್ಕೆ ಮಾತ್ರ ಗೊತ್ತಿಲ್ಲ.

ಮೇಡಂ ಅದನ್ನು ಪಾಠ ಮಾಡಿದ್ದರು, ಬಾಗಿಲು ಹಾಕಿಕೊಂಡು. ಹಳೆಯ ನಕ್ಷೆ, ಹೊಸ ನಕ್ಷೆ ಅಕ್ಕಪಕ್ಕ ಇಟ್ಟು, ಬದುಕುವ ಹಕ್ಕಿನ ಬಗ್ಗೆ ಪೀರಿಯಡ್ ಪೂರ್ತಿ ಮಾತಾಡಿ, ಕೊನೆಗೆ ದನಿ ತಗ್ಗಿಸಿ, "ಪರೀಕ್ಷೇಲಿ ಮಾತ್ರ ವಲಸೆ ಅಂತ ಬರೀರಪ್ಪ" ಎಂದಿದ್ದರು. ಮೂವತ್ತೊಂಬತ್ತು ಮಕ್ಕಳು ಹಾಗೇ ಬರೆದರು. ಇವಳೊಬ್ಬಳು 'ಕೊಂದರು' ಎಂದು ಬರೆದು ನಕ್ಷೆಯನ್ನು ಖಾಲಿ ಬಿಟ್ಟಿದ್ದಳು. ಪತ್ರಿಕೆ ಮರುಪರಿಶೀಲನೆಗೆ ಹೋಗುತ್ತದೆಂಬ ಭಯಕ್ಕೆ ಆ ಉತ್ತರಕ್ಕೆ ಸೊನ್ನೆ ಹಾಕಿದವರೂ ಇದೇ ಮೇಡಂ.

ಹುಡುಗಿ ಬಂದಳು. ಮೇಡಂ ಪೆನ್ನು ಕೊಟ್ಟರು.

"ಆ ಪದ ಹೊಡೆದುಹಾಕು ಮಗಳೇ. ವಲಸೆ ಅಂತ ಬರೆದು ಒಂದು ಬಾಣ ಎಳಿ."

ಹುಡುಗಿ ನಕ್ಷೆಯನ್ನೇ ನೋಡುತ್ತ ನಿಂತಳು. "ಎಲ್ಲಿಗೆ ಎಳೀಲಿ ಮೇಡಂ? ನಮ್ಮಜ್ಜಿ ಒಬ್ಬಳು ಬಿಟ್ರೆ ಅಲ್ಲಿಂದ ಯಾರೂ ಎಲ್ಲಿಗೂ ಹೋಗ್ಲಿಲ್ಲ."

"ಎಲ್ಲಿಗಾದ್ರೂ ಎಳಿ. ಬಾಣ ಅಂತ ಒಂದಿದ್ರೆ ಸಾಕು."

ತಮ್ಮ ಬಾಯಿಂದಲೇ ಬಂದ ಮಾತು ಮೇಡಂಗೆ ಕೇಳಿಸಿತು. ಹೆಡ್‌ಮಾಸ್ಟರಿಗೂ ತಮಗೂ ಏನು ವ್ಯತ್ಯಾಸ?

ಹುಡುಗಿ ಪೆನ್ನನ್ನು ಮೇಜಿನ ಮೇಲಿಟ್ಟಳು. "ಫೇಲ್ ಮಾಡಿ ಮೇಡಂ, ಪರವಾಗಿಲ್ಲ" ಎಂದು ಮೇಡಂಗೇ ಸಮಾಧಾನ ಹೇಳುವವಳಂತೆ ಹೇಳಿ ಹೊರಟುಹೋದಳು.

ಮೇಡಂ ಆ ಪೆನ್ನನ್ನು ಕೈಗೆತ್ತಿಕೊಂಡರು. 'ಕೊಂದರು' ಎಂಬುದನ್ನು ಹೊಡೆದುಹಾಕಿ, ಹುಡುಗಿಯ ಕೈಬರಹವನ್ನೇ ಅನುಕರಿಸಿ 'ವಲಸೆ' ಎಂದು ಬರೆದರು. ಸ್ಕೇಲಿಟ್ಟು ಗೆರೆ ಎಳೆದು ನಲವತ್ತೊಂದು ಊರುಗಳನ್ನೂ ನೆಟ್ಟಗೆ ಸಮುದ್ರಕ್ಕೆ ಕಳಿಸಿದರು. ಪಕ್ಕದಲ್ಲಿ ಕೆಂಪು ಶಾಯಿಯಿಂದ ಸರಿ ಗುರುತು ಹಾಕಿ ಒಂದು ಅಂಕ ಕೊಟ್ಟರು.